ಪುಸ್ತಕದಲ್ಲಿ ಹೀಗಿರಲಿಲ್ಲ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಮೂವತ್ತೊಂದು ವರ್ಷದಿಂದ ಒಂದೇ ಪ್ರಕಾಶನದಲ್ಲಿ ಪ್ರೂಫ್ ನೋಡುತ್ತಿದ್ದೇನೆ. ಬಿಟ್ಟುಹೋದ ಒತ್ತಕ್ಷರ, ಎರಡನೇ ಅಧ್ಯಾಯದಲ್ಲಿ ಸತ್ತು ಒಂಬತ್ತನೇ ಅಧ್ಯಾಯದಲ್ಲಿ ಕಾಫಿ ಕುಡಿಯುವ ಮಾವ, ಇಂಥವೆಲ್ಲ ನನಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಸಿಗುತ್ತವೆ. ಅದಕ್ಕೇ ಕೆಳಗಿನ ಮನೆಯ ನನ್ನ ಸ್ನೇಹಿತ ನನಗೆ ‘ಅಲ್ಪವಿರಾಮ’ ಅಂತ ಹೆಸರಿಟ್ಟ. “ಇವನು ಹೆಂಡ್ತಿ ಜೊತೆ ಜಗಳ ಆಡೋವಾಗಲೂ ಅಲ್ಪವಿರಾಮ ಎಲ್ಲಿ ಬರುತ್ತೆ ಅಂತ ನೋಡ್ಕೊಂಡು ಉಸಿರು ತಗೋತಾನೆ” ಎಂದು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಆ ಸ್ನೇಹಿತನ ಮನೆಯಲ್ಲಿ ನಡೆದದ್ದನ್ನು ಹೇಳಲು ಕೂತಿದ್ದೇನೆ. ಅದರಲ್ಲಿ ನನ್ನ ನಾಲಿಗೆಯ ಪಾಲೂ ಇದೆ.

ಅವನು ಕಟ್ಟಡಗಳ ನಕ್ಷೆ ಬರೆಯುವವನಾಗಿದ್ದ. ಚಿಕ್ಕಂದಿನಲ್ಲಿ ಚೆಂಡು ಬಡಿದು ಎಡಗಣ್ಣು ಹೋಗಿತ್ತು. ಉಳಿದ ಬಲಗಣ್ಣಿನಲ್ಲೇ ಮೂವತ್ತು ವರ್ಷ ಕೂದಲೆಳೆಯಂಥ ಗೆರೆ ಎಳೆದ. ನಾಲ್ಕು ವರ್ಷದ ಹಿಂದೆ ಆ ಕಣ್ಣಿನ ರೆಟಿನಾ ಕಳಚಿಕೊಂಡಿತು. ಎರಡು ಸಲ ಆಪರೇಷನ್ ಮಾಡಿದರು, ಕೂಡಲಿಲ್ಲ. ಮದುವೆ ಮಾಡಿಕೊಂಡಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತಂಗಿ ಬಂದು ಅವನ ಜೊತೆಗಿದ್ದಳು. ಐವತ್ತು ದಾಟಿದ ಹೆಂಗಸನ್ನು ಅವನು ಇನ್ನೂ ‘ಗುಬ್ಬಿ’ ಎಂದೇ ಕರೆಯುತ್ತಿದ್ದ. ನಮ್ಮ ಬೀದಿಯ ಔಷಧಿ ಅಂಗಡಿಯ ಕೌಂಟರಿನಲ್ಲಿ ಆಕೆಯ ಕೆಲಸ. ಹಾಗಾಗಿ ನಮಗೆಲ್ಲ ಆಕೆ ‘ಔಷಧಿಯಕ್ಕ’. ವಯಸ್ಸಿನಲ್ಲಿ ನಾನು ಹಿರಿಯ, ಆದರೂ ಬಾಯಿಗೆ ಬರುತ್ತಿದ್ದದ್ದು ಅಕ್ಕ ಎಂದೇ.

ಕಣ್ಣು ಹೋದ ಮೇಲೆ ಕೋಲು ಹಿಡಿದು ಓಡಾಡುವುದನ್ನಾಗಲಿ, ಬೆರಳಲ್ಲಿ ಓದುವುದನ್ನಾಗಲಿ ಅವನು ಕಲಿಯಲಿಲ್ಲ. ಕಲಿಸುವ ಸಂಸ್ಥೆಯವರು ಎರಡು ಸಲ ಮನೆಗೇ ಬಂದಿದ್ದರು. “ನನಗೆ ಗುಬ್ಬಿ ಇದ್ದಾಳೆ” ಎಂದು ಟೀ ಕುಡಿಸಿ ಕಳಿಸಿದ್ದ. ನಿಜಕ್ಕೂ ಆಕೆ ಎಲ್ಲದಕ್ಕೂ ಇದ್ದಳು. ಶರ್ಟಿನ ಬಣ್ಣ ಹೇಳುವುದಕ್ಕೆ, ಬಂದ ಕಾಗದ ಓದುವುದಕ್ಕೆ, ದಿನಾ ಸಂಜೆ ಒಂದೂವರೆ ಗಂಟೆ ಪುಸ್ತಕ ಓದುವುದಕ್ಕೆ. ಓದುವಾಗ ಆಕೆಯ ದನಿ ಮೆಟ್ಟಿಲ ಸಂದಿಯಲ್ಲಿ ಮೇಲೆ ಬರುತ್ತಿತ್ತು. ಮಾತು ಕೇಳುತ್ತಿರಲಿಲ್ಲ, ದನಿಯಷ್ಟೇ ಕೇಳುತ್ತಿತ್ತು. ಅಡುಗೆಮನೆಯಲ್ಲಿ ನನ್ನ ಹೆಂಡತಿ, “ನೋಡಿ, ತಂಗಿ ಅಂದ್ರೆ ಅದು” ಅನ್ನುತ್ತಿದ್ದಳು. ನಾನು ಏನು ಅಲ್ಲ ಎಂಬುದನ್ನು ಅದರಲ್ಲೇ ಸೂಚ್ಯವಾಗಿ ಹೇಳಿದಂತಾಗುತ್ತಿತ್ತು.

ಹೋದ ವರ್ಷ ನಮ್ಮ ಪ್ರಕಾಶನದಿಂದ ಒಂದು ಪತ್ತೇದಾರಿ ಕಾದಂಬರಿ ಬಂತು. ಕಪ್ಪು ಮುಖಪುಟದ ಮೇಲೆ ಕೆಂಪು ಟೆಲಿಫೋನು. ಪ್ರೂಫ್ ನೋಡಿದ್ದು ನಾನೇ, ಮೂರು ಸಲ. ಬಿಸಿ ಬೋಂಡಾ ಹಾಗೆ ಖರ್ಚಾಯಿತು. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಹೊರಗಿನ ಬೆಂಚಿನಲ್ಲಿ ಎಲ್ಲರ ಕೈಯಲ್ಲೂ ಅದೇ. ಕಥೆ ಹೀಗಿದೆ: ಒಬ್ಬ ನಿವೃತ್ತ ನ್ಯಾಯಾಧೀಶ ತನ್ನ ಮನೆಯಲ್ಲಿ ಸತ್ತು ಬಿದ್ದಿದ್ದಾನೆ. ಮನೆಯಲ್ಲಿ ಆರು ಜನ. ಎಲ್ಲರೂ ವಿಷ ಹುಡುಕುತ್ತಾರೆ, ಬೆದರಿಕೆ ಪತ್ರ ಹುಡುಕುತ್ತಾರೆ, ದಿನಾ ಬಂದುಹೋಗುವ ಲಾಯರ ಮೇಲೆ ಅನುಮಾನ ಪಡುತ್ತಾರೆ. ಕಥೆ ಹೇಳುವವಳು ಸತ್ತವನ ತಂಗಿ, ‘ನಾನು’ ಎಂದೇ ಹೇಳುತ್ತಾ ಹೋಗುತ್ತಾಳೆ. ಕೊನೆಗೆ ತಿಳಿಯುತ್ತದೆ, ವಿಷವೂ ಇಲ್ಲ, ಪತ್ರವೂ ಇಲ್ಲ. ಎದೆ ನೋವು ಅಂತ ಅಣ್ಣ ಕರೆದಾಗ ಆ ‘ನಾನು’ ಅವನಿಗೆ, “ಆಯಾಸ ಅಷ್ಟೇ, ಮಲಗು” ಎಂದಿದ್ದಾಳೆ. ಆಮೇಲೆ ಫೋನು ಕೈಯಲ್ಲಿಟ್ಟುಕೊಂಡು ನಲವತ್ತು ನಿಮಿಷ ಸುಮ್ಮನೆ ಕೂತಿದ್ದಾಳೆ. ಅಷ್ಟೇ ಆಕೆ ಮಾಡಿದ ಕೊಲೆ. ಇನ್ನೂರ ಅರವತ್ತೊಂದನೇ ಪುಟದಲ್ಲಿ ಒಂದೇ ಸಾಲು: ‘ಫೋನು ನನ್ನ ಕೈಯಲ್ಲೇ ಇತ್ತು.’

ಸ್ನೇಹಿತನಿಗೂ ತಂಗಿ ಅದನ್ನು ಓದಿದಳು. ಅವನಿಗೆ ಹುಚ್ಚು ಹಿಡಿದಂತಾಯಿತು. ಆ ಮನೆಯ ಪೂರ್ತಿ ನಕ್ಷೆಯನ್ನು ತಲೆಯಲ್ಲೇ ಬರೆದುಕೊಂಡಿದ್ದ. ಯಾವ ಕೋಣೆಗೆ ಎಷ್ಟು ಬಾಗಿಲು, ಯಾರ ಮಂಚದಿಂದ ಮೆಟ್ಟಿಲು ಎಷ್ಟು ದೂರ ಎಂದೆಲ್ಲ ಅಂಗೈ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದ. ನಾವಿಬ್ಬರೂ ಸಿಕ್ಕಾಗಲೆಲ್ಲ ಅದೇ ಮಾತು. ಆದರೆ ಒಂದು ತೊಡಕಿತ್ತು. ನನ್ನ ಹೆಂಡತಿ ಆ ಪುಸ್ತಕವನ್ನು ವಾರಕ್ಕೆ ನಾಲ್ಕು ಪುಟದಂತೆ ಓದುತ್ತಿದ್ದಳು. ಕೊಲೆಗಾರರ ಹೆಸರೆತ್ತಿದರೆ ಮೂರು ದಿನ ಮಾತು ಬಿಡುತ್ತೇನೆ ಎಂದು ಮೊದಲೇ ಹೇಳಿಟ್ಟಿದ್ದಳು. ನಮ್ಮ ಭಾಷೆಯಲ್ಲಿ ಬಾಯಿಬಿಟ್ಟರೆ ಅವನೋ ಅವಳೋ ತಿಳಿದುಹೋಗುತ್ತದಲ್ಲ. ಅದಕ್ಕೇ ನಾವು ‘ಆ ಪ್ರಾಣಿ’ ಎನ್ನುತ್ತಿದ್ದೆವು.

“ಆ ಪ್ರಾಣಿಯ ಮೇಲೆ ನನಗೆ ಒಂದು ಚೂರೂ ಅನುಮಾನ ಬಂದಿರ್ಲಿಲ್ಲ ಕಣೋ.”

“ಅಲ್ವಾ? ಎಷ್ಟು ಮೆತ್ತಗಿನ ಪ್ರಾಣಿ!”

ಹೀಗೆ ತಿಂಗಳುಗಟ್ಟಲೆ ಮಾತಾಡಿದೆವು. ಒಂದು ಸಲ ಮಾತ್ರ ಅವನು, “ಎಲ್ಲಾ ಸರಿ, ಹಿಂಬಾಗಿಲ ವಿಷಯದಲ್ಲಿ ಬರೆದವನು ಎಡವಿದ್ದಾನೆ. ಇಟ್ಟಿಗೆ ಇಟ್ಟು ಮುಚ್ಚಿರೋ ಬಾಗಿಲಿಂದ ಹೇಗೆ ಬರೋಕಾಗುತ್ತೆ? ನೀನು ಏನು ಪ್ರೂಫ್ ನೋಡಿದ್ಯೋ” ಎಂದ. ನನಗೆ ಮೈ ಉರಿದುಹೋಯಿತು. ಮನೆಗೆ ಹೋಗಿ ನಾಲ್ಕನೇ ಅಧ್ಯಾಯದಿಂದ ತಿರುವಿಹಾಕಿದೆ. ಹಿಂಬಾಗಿಲಿಂದ ಯಾರೂ ಬರುವುದೇ ಇಲ್ಲ. ಪಾಪ, ಕೇಳಿ ತಿಳಿಯುವವನು, ಎಲ್ಲೋ ಕಿವಿ ತಪ್ಪಿರಬೇಕು ಎಂದು ಸುಮ್ಮನಾದೆ. ಆವತ್ತು ಅದನ್ನು ಮತ್ತೆ ಕೆದಕಿದ್ದರೆ ಏನಾಗುತ್ತಿತ್ತೋ.

ಈ ವರ್ಷ ಅದೇ ಕಥೆ ಸಿನಿಮಾ ಆಗಿ ಬಂತು. ಸ್ನೇಹಿತ ಹೋಗಲೇಬೇಕು ಎಂದ. “ಕೇಳ್ತೀನಿ, ಕಾಣೋದನ್ನು ಗುಬ್ಬಿ ಹೇಳ್ತಾಳೆ. ಪುಸ್ತಕಕ್ಕೂ ಇದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಅಂತ ಅಲ್ಪವಿರಾಮ ಹೇಳ್ತಾನೆ. ನನಗಿಂತ ಚೆನ್ನಾಗಿ ಸಿನಿಮಾ ನೋಡೋರು ಯಾರಿದ್ದಾರೆ?”

ತಂಗಿ ಮೂರು ವಾರ ಮುಂದೂಡಿದಳು. ಒಂದು ಭಾನುವಾರ ಅಂಗಡಿಯಲ್ಲಿ ಕೆಲಸ, ಇನ್ನೊಂದು ಭಾನುವಾರ ತಲೆನೋವು. ಮೂರನೆಯದಕ್ಕೆ, “ಸಿನಿಮಾ ಚೆನ್ನಾಗಿಲ್ಲವಂತೆ, ಕಥೆ ಎಲ್ಲಾ ಕೆಡಿಸಿದ್ದಾರಂತೆ” ಎಂದಳು. ಅಲ್ಲೂ ನಾನು ಬಾಯಿ ಹಾಕಿದೆ. “ಇಲ್ಲ ಅಕ್ಕ, ನಮ್ಮ ಆಫೀಸಿನವರು ನೋಡಿ ಬಂದ್ರು. ಕೊನೆ ಭಾಗ ಅಕ್ಷರ ಅಕ್ಷರ ಹಾಗೇ ಇದೆಯಂತೆ.” ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. ಆ ನೋಟದ ಅರ್ಥ ಆಗ ಆಗಲಿಲ್ಲ.

ಮಧ್ಯಾಹ್ನದ ಆಟಕ್ಕೆ ಹೋದೆವು. ನನ್ನ ಹೆಂಡತಿ ಇನ್ನೂ ನೂರ ಎಂಬತ್ತನೇ ಪುಟದಲ್ಲಿದ್ದಳು, ಬರಲಿಲ್ಲ. ಸ್ನೇಹಿತ ನಡುವೆ, ಅವನ ಎಡಕ್ಕೆ ತಂಗಿ, ಬಲಕ್ಕೆ ನಾನು. ಮೊದಲರ್ಧ ಸೊಗಸಾಗಿ ಕಳೆಯಿತು. ಆರು ಜನರನ್ನು ನಾಲ್ಕಕ್ಕೆ ಇಳಿಸಿದ್ದರು. ಮಾಳಿಗೆಯ ಮೇಲೆ ಒಂದು ಓಡಾಟ, ಅಟ್ಟಿಸಿಕೊಂಡು ಹೋಗುವುದು, ಗಾಜು ಒಡೆಯುವುದು, ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಸೇರಿಸಿದ್ದರು. ನಾನು ಅವನ ಕಿವಿಯಲ್ಲಿ, “ಇದು ಇಲ್ಲ, ಇದೂ ಇಲ್ಲ” ಎನ್ನುತ್ತಿದ್ದೆ. ಇನ್ನೊಂದು ಕಿವಿಯಲ್ಲಿ ತಂಗಿ, “ಹಸಿರು ಗೋಡೆ, ಲಾಯರು ಬಂದ, ಕೈಯಲ್ಲಿ ಕೊಡೆ” ಎನ್ನುತ್ತಿದ್ದಳು. ಹಿಂದಿನ ಸಾಲಿನವರು ಎರಡು ಸಲ ಶ್ ಎಂದರು. ಅವನು ಹಿಂದಕ್ಕೆ ತಿರುಗಿ, “ಕ್ಷಮಿಸಿ, ನನ್ನ ಕಣ್ಣುಗಳು ಸ್ವಲ್ಪ ವಾಚಾಳಿ” ಎಂದ. ಅವರೂ ನಕ್ಕುಬಿಟ್ಟರು.

ಪುಸ್ತಕ ‘ನಾನು’ ಎಂದು ಹೇಳುತ್ತದೆ, ಆದ್ದರಿಂದ ನಾವು ಆ ಹೆಂಗಸಿನ ತಲೆಯೊಳಗೇ ಇರುತ್ತೇವೆ. ಒಳಗಿರುವವರಿಗೆ ಮುಖ ಕಾಣುವುದಿಲ್ಲ. ಸಿನಿಮಾಕ್ಕೆ ಒಳಗೆ ಹೋಗಲು ದಾರಿಯಿಲ್ಲ, ಮುಖವನ್ನೇ ತೋರಿಸಬೇಕು. ಇದರಲ್ಲಿ ಸಿನಿಮಾ ಸೋಲುತ್ತದೆ ಎಂದು ನಾನು ಖಚಿತವಾಗಿ ಅಂದುಕೊಂಡಿದ್ದೆ. ನನ್ನ ಎಣಿಕೆ ತಪ್ಪಿತು. ಆ ಒಂದು ಸಾಲಿನ ಜಾಗಕ್ಕೆ ಬಂದಾಗ ಅವರು ಸಂಗೀತ ನಿಲ್ಲಿಸಿದರು, ಮಾತು ನಿಲ್ಲಿಸಿದರು. ಒಳಗಿನ ಕೋಣೆಯಿಂದ ಅಣ್ಣನ ನರಳಾಟ. “ಆಯಾಸ ಅಷ್ಟೇ, ಮಲಗು” ಎಂದು ಆಕೆ ಹೇಳುತ್ತಾಳೆ. ಹೊರಗೆ ಬಂದು ಕುರ್ಚಿಯಲ್ಲಿ ಕೂರುತ್ತಾಳೆ. ಅಷ್ಟೇ. ಎರಡು ನಿಮಿಷ ಏನೂ ಆಗುವುದಿಲ್ಲ. ಥಿಯೇಟರಿನಲ್ಲಿ ಯಾರೂ ಕೆಮ್ಮಲಿಲ್ಲ.

ಆ ಎರಡು ನಿಮಿಷದಲ್ಲಿ ನನ್ನ ಸ್ನೇಹಿತನಿಗೆ ಕೇಳಿಸಲು ಏನೂ ಇರಲಿಲ್ಲ.

“ಏನಾಗ್ತಿದೆ ಗುಬ್ಬಿ?”

ಅವನು ತಂಗಿಯ ತೋಳು ತಟ್ಟಿದ.

“ಗುಬ್ಬಿ, ಏನ್ ತೋರಿಸ್ತಿದ್ದಾರೆ?”

“ಕೂತಿದ್ದಾಳೆ” ಎಂದಳು.

“ಯಾರು? ತಂಗಿಯಾ? ಕೂತು?”

“ಗಡಿಯಾರ ನೋಡ್ತಿದ್ದಾಳೆ.”

“ಡಾಕ್ಟರಿಗೆ ಫೋನ್ ಮಾಡಿದ್ಲಾ?”

“ಫೋನು ಕೈಯಲ್ಲೇ ಇದೆ.”

“ಮಾಡ್ತಿಲ್ವಾ?”

“ಇಲ್ಲ ಅಣ್ಣ. ಮಾಡ್ತಿಲ್ಲ.”

ಆಕೆಯ ದನಿ ಎಷ್ಟು ಒಣಗಿತ್ತೆಂದರೆ ನಾನು ಪರದೆ ಬಿಟ್ಟು ಆ ಕಡೆ ನೋಡಿದೆ. ಪರದೆಯ ಬೆಳಕು ಮುಖದ ಮೇಲೆ ಬಿದ್ದಿತ್ತು. ಆಕೆಯ ಕಣ್ಣು ಮುಚ್ಚಿದ್ದವು. ನೋಡದೆಯೇ ಹೇಳುತ್ತಿದ್ದಳು.

ಹೊರಗೆ ಬಂದೆವು. ಟಿಕೆಟ್ ಕೊಡುವಲ್ಲಿ ಕಂಬಕ್ಕೆ ಒರಗಿ ಸ್ನೇಹಿತ ಬೈಯಲು ಶುರುಮಾಡಿದ. “ಹಾಳು ಮಾಡಿದ್ರು! ಚಿನ್ನದಂಥ ಕಥೆನ ಹಾಳು ಮಾಡಿದ್ರು. ಪುಸ್ತಕದಲ್ಲಿ ಹೀಗಿರಲಿಲ್ಲ. ಆ ತಂಗಿ ಪಾಪದ ಹೆಂಗಸು, ಅವಳೇನು ಮಾಡಿದ್ಲು? ಲಾಯರ್ನ ಬಿಟ್ಟು ಅವಳ ತಲೆಗೆ ಕಟ್ಟಿದ್ದಾರಲ್ಲ!”

ನಾನು ಮೂವತ್ತೊಂದು ವರ್ಷ ಪ್ರೂಫ್ ನೋಡಿದವನು. ಕಣ್ಣೆದುರು ತಪ್ಪು ಇದ್ದರೆ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ.

“ಲಾಯರಾ? ಲಾಯರು ಏನೂ ಮಾಡಲ್ವಲ್ಲೋ. ಪುಸ್ತಕದಲ್ಲೂ ಹೀಗೇ ಇದೆ. ಇನ್ನೂರ ಅರವತ್ತೊಂದನೇ ಪುಟ, ಮೇಲಿಂದ ಆರನೇ ಸಾಲು.”

“ನಿನಗೆ ಮರೆವು.”

“ಮೂರು ಸಲ ಓದಿದ್ದೀನಿ. ಲಾಯರು ಬರೀ ಪುಕ್ಕಲ, ಮೊದಲಿಂದ ಕೊನೆ ತನಕ ಪುಕ್ಕಲ. ಹೇಳಿ ಅಕ್ಕ, ನೀವೇ ಓದಿದ್ದೀರಲ್ಲ?”

ಆಕೆ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವನು ತಂಗಿಯಿದ್ದ ಕಡೆ ಮುಖ ತಿರುಗಿಸಿದ. ಆಮೇಲೆ ಅವನು ಗಟ್ಟಿಯಾಗಿ ನಗಲು ಶುರುಮಾಡಿದ.

“ಅಯ್ಯೋ ಗುಬ್ಬಿ! ನೀನೇ ಕಟ್ಟಿ ಹೇಳಿದ್ಯಾ? ನೂರು ಪುಟ? ಲಾಯರು, ಕೊಡೆಯೊಳಗಿನ ಬಾಟಲಿ, ಕೋರ್ಟಿನಲ್ಲಿ ಅವನು ಅಳೋದು, ಎಲ್ಲಾ ನಿಂದೇನಾ? ಅದಕ್ಕೇ ಆ ಹಿಂಬಾಗಿಲು! ನಾನು ಪಾಪ ಬರೆದೋನ್ನ ಬೈದೆ!” ನಕ್ಕು ನಕ್ಕು ಕಣ್ಣೊರೆಸಿಕೊಂಡ. “ಕಾದಂಬರಿಕಾರ್ತಿ ಕಣೋ ನನ್ನ ತಂಗಿ. ಅಲ್ಲ, ಯಾಕೆ? ಪುಟ ಹರಿದಿತ್ತಾ?”

ಹೂಂ, ಹರಿದಿತ್ತು ಎಂದಿದ್ದರೆ ಆಗಿಹೋಗುತ್ತಿತ್ತು. ಅವನೇ ಉತ್ತರವನ್ನೂ ಕೊಟ್ಟಿದ್ದ. ನಾನು ಈಗಲೂ ಅದನ್ನೇ ನೆನೆಯುತ್ತೇನೆ. ಆಕೆ, “ಮನೆಗೆ ಹೋಗೋಣ ನಡಿ ಅಣ್ಣ, ಹೇಳ್ತೀನಿ” ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಲಾಯರನ್ನು ನೆನೆದು ನೆನೆದು ನಗುತ್ತಿದ್ದ.

ಮಾರನೇ ದಿನ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಸ್ನೇಹಿತ ಒಬ್ಬನೇ ನಿಂತಿದ್ದ. ಗೋಡೆ ಸವರಿಕೊಂಡು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದ. ಅಂಗೈಗೆ ಸುಣ್ಣ ಮೆತ್ತಿಕೊಂಡಿತ್ತು. ನಾಲ್ಕು ವರ್ಷದಲ್ಲಿ ಅವನು ಒಬ್ಬನೇ ಹೊಸಿಲು ದಾಟಿದ್ದು ಅದೇ ಮೊದಲು.

“ಪುಸ್ತಕ ಇದೆಯಲ್ಲ ನಿನ್ನ ಹತ್ರ? ಅವಳು ಎಲ್ಲಿ ಬಿಟ್ಟಳೋ ಅಲ್ಲಿಂದ ಓದು. ಇನ್ನೂರ ಮೂವತ್ತು ಅಂತೆ.”

ಕೂರಿಸಿ ನೀರು ಕೊಟ್ಟೆ. ಏನಾಯಿತು ಎಂದು ಕೇಳಿದೆ. ರಾತ್ರಿ ತಂಗಿ ಬಾಯಿಬಿಟ್ಟದ್ದನ್ನೆಲ್ಲ ಹೇಳಿದ. ಯಾರದೋ ಮನೆಯ ನಕ್ಷೆ ವಿವರಿಸುವವನ ಹಾಗೆ, ಒಂದೊಂದೇ ಗೆರೆ ಎಳೆದು ಹೇಳಿದ.

ಬಲಗಣ್ಣಿನಲ್ಲಿ ಮಿಂಚು ಮಿಂಚಿದಂತಾಗಿ ಪಕ್ಕದಿಂದ ಕಪ್ಪು ಪರದೆ ಇಳಿಯತೊಡಗಿದ ದಿನ ಅವನು ತಂಗಿಗೆ ಅಂಗಡಿಗೆ ಫೋನ್ ಮಾಡಿದ್ದ. ಬೆಳಿಗ್ಗೆ ಹನ್ನೊಂದು ಗಂಟೆ. ಜೊತೆಯ ಕೆಲಸದವಳು ರಜೆ, ಕೌಂಟರಿನ ಮುಂದೆ ಜನ ಬಾಗಿಲ ತನಕ ನಿಂತಿದ್ದರು. ಅದಕ್ಕೆ ಮುಂಚೆ ಮೂರು ಸಲ ಹೀಗೇ ಕಣ್ಣು ಎಂದು ಹೆದರಿಸಿದ್ದ, ಮೂರು ಸಲವೂ ಏನೂ ಇರಲಿಲ್ಲ. “ಆಯಾಸ ಅಷ್ಟೇ ಅಣ್ಣ, ಮಲಗು. ಡ್ರಾಪ್ಸ್ ಹಾಕ್ಕೊ” ಎಂದು ಆಕೆ ಫೋನ್ ಇಟ್ಟಿದ್ದಳು. ಸಂಜೆ ಬಂದಾಗ ಅವನು ನಿದ್ದೆಯಲ್ಲಿದ್ದ, ಎಬ್ಬಿಸಲಿಲ್ಲ. ಮರುದಿನ ಆಸ್ಪತ್ರೆಗೆ ರಜೆ. ಮೂರನೇ ದಿನ ಹೋದರು. ಡಾಕ್ಟರು ಆಕೆಯನ್ನು ಹೊರಗೆ ಕರೆದು, ಮೊದಲ ದಿನವೇ ಯಾಕೆ ಕರ್ಕೊಂಡು ಬರಲಿಲ್ಲ ಎಂದು ಕೇಳಿದ್ದರು. ಒಳಗೆ ಬಂದು ಆಕೆ ಅಣ್ಣನಿಗೆ, “ಯಾವಾಗ ಬಂದಿದ್ರೂ ಏನೂ ಮಾಡೋಕಾಗ್ತಿರಲಿಲ್ಲವಂತೆ” ಎಂದಿದ್ದಳು.

“ನಾಲ್ಕು ವರ್ಷ ನಾನು ಅದನ್ನೇ ಎಲ್ಲರಿಗೂ ಹೇಳಿದೆ ನೋಡು. ಹಣೆಬರಹ, ಏನೂ ಮಾಡೋಕಾಗ್ತಿರಲಿಲ್ಲ ಅಂತ. ಅಷ್ಟು ಹೇಳಿ ಹೇಳಿ ನನಗೆ ಸಮಾಧಾನ ಆಗಿಹೋಗಿತ್ತು.” ನೀರಿನ ಲೋಟ ಸವರುತ್ತಾ ಹೇಳಿದ. “ಓದು.”

ಎರಡು ದಿನ ಓದಿದೆ. ನಾನು ಚೆನ್ನಾಗಿ ಓದುವವನಲ್ಲ, ಪ್ರೂಫ್ ನೋಡುವವರು ಮನಸ್ಸಿನಲ್ಲೇ ಅಕ್ಷರ ಎಣಿಸುತ್ತಾರೆ. ಇನ್ನೂರ ಅರವತ್ತೊಂದನೇ ಪುಟ ಬಂದಾಗ ಅವನು ಆ ಸಾಲನ್ನು ಇನ್ನೊಂದು ಸಲ ಓದಿಸಿದ. ‘ಫೋನು ನನ್ನ ಕೈಯಲ್ಲೇ ಇತ್ತು.’ ಆಗ ನನಗೆ ಹೊಳೆಯಿತು, ಆ ಪುಸ್ತಕದಲ್ಲಿ ಕೊಂದವಳು ‘ನಾನು’. ಅಣ್ಣನ ಎದುರು ಕೂತು, ತನ್ನ ಬಾಯಲ್ಲೇ, ‘ನಾನು ಅವನಿಗೆ ಮಲಗು ಅಂದೆ’ ಎಂದು ತಂಗಿ ಓದಬೇಕಾಗಿತ್ತು.

“ಸಿನಿಮಾದಲ್ಲೇ ಚೆನ್ನಾಗಿದೆ ಇದು” ಎಂದ ಪುಸ್ತಕ ಮುಗಿದ ಮೇಲೆ. “ಪುಸ್ತಕದಲ್ಲಿ ಅವಳಿಗೆ ದ್ವೇಷ ಇತ್ತು ಅಂತ ಹದಿನೈದು ಪುಟ ವಿವರಿಸ್ತಾನೆ. ಸಿನಿಮಾದಲ್ಲಿ ಏನೂ ಹೇಳಲ್ಲ, ಸುಮ್ಮನೆ ಕೂರ್ತಾಳೆ. ದ್ವೇಷ ಇದ್ದಿದ್ರೆ ಸುಲಭ ಇತ್ತು ಕಣೋ. ಗುಬ್ಬಿಗೆ ನನ್ನ ಮೇಲೆ ಏನು ದ್ವೇಷ?”

ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದ. ತಂಗಿಗೆ ಹೇಳಬೇಡ ಎಂದ. ಡಾಕ್ಟರು ಹಳೆಯ ಕಡತ ತೆಗೆಸಿ ಬಹಳ ಹೊತ್ತು ಓದಿದರು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಆವತ್ತೇ ಹನ್ನೊಂದು ಗಂಟೆಗೆ ನಾನು ಇಲ್ಲಿಗೆ ಬಂದಿದ್ರೆ?”

“ಉಳೀತಿತ್ತು ಅಂತ ಹೇಳೋಕಾಗಲ್ಲ. ಉಳೀತಿರಲಿಲ್ಲ ಅಂತಲೂ ಹೇಳೋಕಾಗಲ್ಲ. ನಿಮ್ಮದು ಮೊದಲೇ ತೆಳು ರೆಟಿನಾ. ಅರ್ಧಕ್ಕರ್ಧ ಅಂತಿಟ್ಕೊಳ್ಳಿ.”

“ಅರ್ಧಕ್ಕರ್ಧ” ಎಂದು ಅವನು ತಲೆಯಾಡಿಸಿದ. ಹೊರಗೆ ಬಂದ ಮೇಲೆ, “ಪೂರ್ತಿ ಅಂದಿದ್ರೂ ಆಗ್ತಿತ್ತು, ಏನೂ ಇಲ್ಲ ಅಂದಿದ್ರೂ ಆಗ್ತಿತ್ತು” ಎಂದ. ಬಸ್ ನಿಲ್ದಾಣದ ಬೆಂಚಿನಲ್ಲಿ ನಾಲ್ಕು ಬಸ್ ಹೋಗುವ ತನಕ ಕೂತಿದ್ದೆವು.

ಆ ವಾರ ಒಂದು ಮಧ್ಯಾಹ್ನ ನಾನು ಔಷಧಿ ಅಂಗಡಿಗೆ ಹೋದೆ, ಹೆಂಡತಿಯ ಮಾತ್ರೆಯ ನೆಪ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆ ಚೀಟಿ ನೋಡಿ ಮಾತ್ರೆಯ ಹಾಳೆಯಿಂದ ಹತ್ತನ್ನು ಕತ್ತರಿಸಿ, ಕವರಿನಲ್ಲಿ ಹಾಕಿ, ಮೇಲೆ ‘ಊಟದ ನಂತರ’ ಎಂದು ಬರೆದಳು. ಮುಖ ಬತ್ತಿ ಹೋಗಿತ್ತು.

“ತಪ್ಪಾಯ್ತು ಅಕ್ಕ. ನಾನು ಪುಟದ ನಂಬರು ಹೇಳಬಾರದಿತ್ತು.”

“ನೀವು ಹೇಳಿದ್ದು ಸರಿಯಾದ ನಂಬರೇ ಅಲ್ವಾ” ಎಂದಳು. “ಮೊದಲು ಎರಡು ಸಾಲು ಹಾರಿಸಿದೆ, ಅಷ್ಟೇ ಅಂದ್ಕೊಂಡಿದ್ದೆ. ಎರಡು ಸಾಲು ಹಾರಿಸಿದ್ರೆ ಮುಂದಿಂದೆಲ್ಲ ಕೂರಲ್ಲ. ದಿನಾ ಮಧ್ಯಾಹ್ನ ಇಲ್ಲಿ ಮಾತ್ರೆ ಡಬ್ಬದ ರಟ್ಟಿನ ಮೇಲೆ ಮುಂದಿನ ಭಾಗ ಬರೆದಿಟ್ಕೋತಿದ್ದೆ. ಸಂಜೆ ಪುಸ್ತಕದೊಳಗೆ ಇಟ್ಕೊಂಡು ಓದ್ತಿದ್ದೆ. ಅವನಿಗೆ ಕೇಳ್ಸಲಿ ಅಂತ ಪುಟ ಬೇರೆ ತಿರುಗಿಸ್ತಿದ್ದೆ.”

ನಾನು ಮಾತ್ರೆಯ ಕವರನ್ನು ಜೇಬಿಗೆ ಹಾಕಿಕೊಂಡೆ.

ಆಕೆ ತಲೆ ಎತ್ತಿ ನನ್ನ ಹಿಂದಿನ ಗೋಡೆ ತೋರಿಸಿದಳು. ಯಾವುದೋ ಕಂಪನಿಯವರು ಹಚ್ಚಿ ಹೋದ ಹಾಳೆ, ಅಂಚು ಹಳದಿಯಾಗಿತ್ತು. ಕಣ್ಣಲ್ಲಿ ಮಿಂಚು ಕಂಡರೆ, ಪರದೆ ಇಳಿದಂತಾದರೆ ತಡಮಾಡದೆ ವೈದ್ಯರನ್ನು ಕಾಣಿ.

“ಆರು ವರ್ಷದಿಂದ ಅಲ್ಲೇ ಇದೆ. ಅಣ್ಣ ಫೋನಿನಲ್ಲಿ ಹೇಳೋವಾಗ ಅದು ನನ್ನ ಎದುರಿಗೇ ಇತ್ತು. ನಾನು ಅದನ್ನ ಓದಿದ್ನಾ, ಓದಲಿಲ್ವಾ? ಗೊತ್ತಿದ್ದೂ ಮಲಗು ಅಂದ್ನಾ, ಕೆಲಸದ ಗಡಿಬಿಡೀಲಿ ಅಂದ್ನಾ? ದಿನಾ ಕೇಳ್ಕೋತೀನಿ. ಒಂದು ದಿನ ಒಂದು ಉತ್ತರ ಬರುತ್ತೆ. ಆ ಪುಸ್ತಕದೋಳಿಗಾದ್ರೂ ತಾನು ಏನು ಮಾಡಿದೆ ಅಂತ ಗೊತ್ತಿತ್ತು.”

“ಹಾಳೆ ತೆಗೆದುಹಾಕಬಾರದಾ?”

“ಬೇರೆಯೋರಿಗೆ ಬೇಕಾಗುತ್ತಲ್ಲ” ಎಂದಳು. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದಳು. ಔಷಧಿಯಕ್ಕ ಅವಳಿಗೆ ಜ್ವರದ ಔಷಧಿಯ ಅಳತೆ ಹೇಳಿಕೊಡಲು ಹೋದಳು.

ಡಾಕ್ಟರು ಹೇಳಿದ್ದನ್ನು ಅವನೇ ತಂಗಿಗೆ ಹೇಳಿದ. ನಾನೂ ಅಲ್ಲಿರಬೇಕೆಂದು ಹಟ ಹಿಡಿದಿದ್ದ. “ಸಾಕ್ಷಿ ಬೇಕು, ಈ ಮನೇಲಿ ಡಾಕ್ಟರ ಮಾತು ದಾರೀಲಿ ಬದಲಾಗುತ್ತೆ” ಎಂದ. ಆಕೆಗೆ ಅದು ಸರಿಯಾಗಿ ನಾಟಿತು, ನನಗೆ ತಿಳಿಯಿತು. ಅವನು ಅರ್ಧಕ್ಕರ್ಧ ಎಂದ. ಆಕೆ ಕೇಳಿಸಿಕೊಂಡಳು.

“ನಾನು ಬೇರೆ ಎಲ್ಲಾದ್ರೂ ಇರ್ತೀನಿ ಅಣ್ಣ.”

“ಎಲ್ಲಿಗೆ ಹೋಗ್ತೀಯ? ನೀನು ಹೋದ್ರೆ ನನ್ನ ಕಣ್ಣು ಬರುತ್ತಾ?” ಅವನ ದನಿ ಏರಲಿಲ್ಲ. “ನಿನ್ನ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ. ಸುಳ್ಳು ಸಾಕು ಈ ಮನೆಗೆ. ಆವತ್ತು ಮಲಗು ಅಂದ್ಯಲ್ಲ, ಅದನ್ನ ನುಂಗಿಬಿಡ್ತಿದ್ನೇನೋ. ಆಮೇಲೆ ನಾಲ್ಕು ವರ್ಷ ಕೈ ಹಿಡ್ಕೊಂಡು ನಡೆಸಿದ್ಯಲ್ಲ, ಅದು ಏನು? ಪ್ರೀತಿನಾ, ದಂಡಾನಾ? ನನಗೆ ಗೊತ್ತಾಗ್ತಿಲ್ಲ. ಸಿಟ್ಟು ಮಾಡ್ಕೊಳ್ಳೋ ಹಕ್ಕನ್ನಾದ್ರೂ ನನಗೆ ಕೊಡಬೇಕಿತ್ತು ಗುಬ್ಬಿ. ಅದನ್ನೂ ನೀನೇ ಇಟ್ಕೊಂಡೆ.”

ಆಕೆ ಅಳಲಿಲ್ಲ. ಎದ್ದು ಒಳಗೆ ಹೋಗಿ ಟೀ ಮಾಡಿಕೊಂಡು ಬಂದಳು. ನಾವು ಮೂವರೂ ಅದನ್ನು ಕುಡಿದೆವು.

ಆಮೇಲಿನ ಎರಡು ತಿಂಗಳು ಆ ಮನೆಯಿಂದ ಓದುವ ದನಿ ಬರಲಿಲ್ಲ. ಅವರು ಜಗಳವಾಡುತ್ತಿರಲಿಲ್ಲ. ಮಾತು ಬಿಟ್ಟಿರಲಿಲ್ಲ. ಊಟ ಆಯ್ತಾ, ಆಯ್ತು. ಶರ್ಟು ಯಾವುದು, ನೀಲಿ. ಬಾಡಿಗೆಗೆ ಬಂದ ಇಬ್ಬರು ಒಂದೇ ಅಡುಗೆಮನೆ ಹಂಚಿಕೊಂಡ ಹಾಗೆ. ನನ್ನ ಹೆಂಡತಿ ಏನನ್ನೂ ಕೇಳಲಿಲ್ಲ, ಆದರೆ ಆ ಪುಸ್ತಕವನ್ನು ಅರ್ಧಕ್ಕೇ ನಿಲ್ಲಿಸಿ ಕಪಾಟಿನ ಮೇಲಕ್ಕೆ ಎಸೆದಳು.

ಒಂದು ದಿನ ಸ್ನೇಹಿತ, ಹಿಂದೆ ಟೀ ಕುಡಿಸಿ ಕಳಿಸಿದ್ದ ಆ ಸಂಸ್ಥೆಗೆ ಫೋನ್ ಮಾಡಲು ನನ್ನ ಕೈಯಲ್ಲಿ ನಂಬರು ಒತ್ತಿಸಿದ. ಬೇರೆ ಊರಿನಲ್ಲಿ ಅವರದೇ ತರಬೇತಿ ಕೇಂದ್ರವಿತ್ತು, ಅಲ್ಲೇ ಉಳಿದು ಕಲಿಯಬೇಕು. ಕೋಲು ಹಿಡಿಯುವುದು, ಅಡುಗೆ, ಬೆರಳಲ್ಲಿ ಓದುವುದು, ಎಲ್ಲ ಮೂರು ತಿಂಗಳಲ್ಲಿ. ಹೊರಡುವ ದಿನ ತಂಗಿ ಅವನ ಪೆಟ್ಟಿಗೆ ಜೋಡಿಸಿದಳು. ಬೇಡ ಎನ್ನಲಿಲ್ಲ ಅವನು. ಯಾವ ಬದಿಯಲ್ಲಿ ಏನಿದೆ ಎಂದು ಒಂದೊಂದನ್ನೂ ಕೈಯಲ್ಲಿ ಮುಟ್ಟಿಸಿ ಹೇಳಿದಳು. ಬಸ್ ನಿಲ್ದಾಣಕ್ಕೆ ನಾವಿಬ್ಬರೂ ಹೋದೆವು.

“ಯಾವಾಗ ಬರ್ತೀಯ ಅಣ್ಣ?”

“ನೋಡೋಣ.”

ಬಸ್ಸಿನ ಮೆಟ್ಟಿಲನ್ನು ಕಾಲಿನಿಂದ ಹುಡುಕಿದ. ಆಕೆಯ ಕೈ ಮುಂದೆ ಬಂತು, ಮುಟ್ಟಲಿಲ್ಲ, ಅರ್ಧದಲ್ಲೇ ನಿಂತಿತು. ಎರಡನೇ ಸಲಕ್ಕೆ ಮೆಟ್ಟಿಲು ಸಿಕ್ಕಿತು. ಹತ್ತಿದ.

ಮೂರು ತಿಂಗಳು ಎಂದದ್ದು ಈಗ ಏಳಾಗಿದೆ. ಅಲ್ಲೇ ಹೊಸದಾಗಿ ಬರುವವರಿಗೆ ಕಟ್ಟಡಗಳನ್ನು ತಲೆಯಲ್ಲಿ ಬರೆದುಕೊಳ್ಳುವುದು ಹೇಗೆ ಎಂದು ಕಲಿಸುತ್ತಿದ್ದಾನಂತೆ. ನನಗೆ ಭಾನುವಾರ ಫೋನ್ ಮಾಡುತ್ತಾನೆ. ಪುಸ್ತಕಗಳ ಮಾತಾಡುತ್ತಾನೆ, ಬೆರಳು ನೋಯುತ್ತದೆ ಎನ್ನುತ್ತಾನೆ. ತಂಗಿಯ ವಿಷಯ ನಾನೂ ಎತ್ತುವುದಿಲ್ಲ, ಅವನೂ ಎತ್ತುವುದಿಲ್ಲ. ಆಕೆಗೆ ಬುಧವಾರ ಮಾಡುತ್ತಾನೆ ಎಂದು ಮಾತ್ರ ಗೊತ್ತಿತ್ತು. ಎರಡೇ ನಿಮಿಷ, ಆರೋಗ್ಯ, ವಿದ್ಯುತ್ತಿನ ಬಿಲ್ಲು, ಅಷ್ಟೇ ಎಂದು ಒಮ್ಮೆ ಆಕೆಯೇ ಹೇಳಿದ್ದಳು.

ಕಳೆದ ವಾರ ಮಾತ್ರೆಗೆ ಹೋದೆ. ಆಕೆ ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕೂತಿದ್ದಳು. ಮೂಗು ಕೆಂಪಾಗಿತ್ತು, ಕಣ್ಣು ಊದಿಕೊಂಡಿದ್ದವು.

“ಏನಾಯ್ತು ಅಕ್ಕ?”

“ಅಣ್ಣ ಫೋನ್ ಮಾಡಿದ್ದ” ಎಂದಳು. ಸೆರಗಿನಿಂದ ಮೂಗೊರೆಸಿಕೊಂಡಳು. “ಬೈದ.”

“ಬೈದ್ನಾ?”

“ಅರ್ಧ ಗಂಟೆ ಬೈದ. ಬಾಯಿಗೆ ಬಂದದ್ದೆಲ್ಲ ಅಂದ. ಚಿಕ್ಕೋಳಿದ್ದಾಗ ಅವನ ಸ್ಕೇಲು ಮುರಿದಿದ್ದು ಕೂಡ ಬಿಡಲಿಲ್ಲ.” ಆಕೆ ನನ್ನ ಕೈಯಿಂದ ಚೀಟಿ ತೆಗೆದುಕೊ‌ಂಡಳು. ಅಕ್ಷರ ಕಾಣದೆ ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. “ಮುಂದಿನ ಬುಧವಾರ ಇನ್ನೂ ಇದೆ ಅಂದ.”